ಪಿಸ್ತೂಲಿನ ಮೂರು ಹಸಿರು ಚುಕ್ಕಿ

2021ರ ಫೆಬ್ರುವರಿಯ ಹಿಮಗಾಳಿಗೆ ಟೆಕ್ಸಾಸಿನ ಕರೆಂಟ್ ಹೋಗಿದ್ದು ಇಲ್ಲಿರುವವರಿಗೆಲ್ಲ ನೆನಪಿದೆ. ನಾನು ಮಲೆನಾಡಿನವನು. ಮಳೆಗಾಲದಲ್ಲಿ ವಾರಗಟ್ಟಲೆ ಲಾಟೀನು ಬೆಳಕಿನಲ್ಲಿ ಓದಿದವನಿಗೆ ಇದೇನು ಮಹಾ ಅಂದುಕೊಂಡಿದ್ದೆ. ಆದರೆ ಆ ಕತ್ತಲು ಬೇರೆ ಥರ ಇತ್ತು. ಇಡೀ ಬಡಾವಣೆಯಲ್ಲಿ ಒಂದು ಬೆಳಕಿಲ್ಲ. ಫ್ರಿಜ್ಜಿನ ಗುಂಯ್ ಸದ್ದೂ ಇಲ್ಲ. ಮಕ್ಕಳು, ನಾವು ಎಲ್ಲ ಒಂದೇ ಕೋಣೆಯಲ್ಲಿ ರಜಾಯಿ ಹೊದ್ದು ಮಲಗಿದ್ದೆವು. ನಡುರಾತ್ರಿ ಹಿತ್ತಲಿನ ಬೇಲಿಯ ಹತ್ತಿರ ಏನೋ ಲಟಕ್ಕೆಂದಿತು. ಮಂಜಿನ ಭಾರಕ್ಕೆ ಕೊಂಬೆ ಮುರಿದಿರಬೇಕು ಎಂದು ಗೊತ್ತಿದ್ದರೂ ಎದ್ದು ಲಾಕರ್ ತೆಗೆದೆ. ಪಿಸ್ತೂಲು ಕೈಗೆ ಬಂತು. ಕತ್ತಲಲ್ಲಿ ಗುರಿ ಹಿಡಿಯಲೆಂದು ಅದರ ಬೆನ್ನ ಮೇಲೆ ಮೂರು ಹಸಿರು ಚುಕ್ಕಿ ಹೊಳೆಯಬೇಕಿತ್ತು, ಹಿಂದೆ ಎರಡು, ಮುಂದೆ ಒಂದು. ಒಂದೂ ಕಾಣಲಿಲ್ಲ. ಕೈಗೆ ಭಾರ ಇದೆ, ಕಣ್ಣಿಗೆ ಏನೂ ಇಲ್ಲ. ಸ್ವಲ್ಪ ಹೊತ್ತು ಹಾಗೇ ಕೂತ ಮೇಲೆ ಮುಂದಿನ ಚುಕ್ಕಿ ಇದೆಯೋ ಇಲ್ಲವೋ ಎನ್ನುವಷ್ಟು ಕಂಡಿತು. ನೇರ ನೋಡಿದರೆ ಮಾಯ, ಓರೆಗಣ್ಣಲ್ಲಿ ನೋಡಿದರೆ ಮಾತ್ರ ಇತ್ತು.

ಹೊರಗೆ ಯಾರೂ ಇರಲಿಲ್ಲ. ಕೊಂಬೆಯೇ. ಆದರೆ ಆ ಆರಿದ ಚುಕ್ಕಿಗಳ ವಿಷಯ ಮಾತ್ರ ತಲೆಯಿಂದ ಹೋಗಲಿಲ್ಲ.

ಮುಂದೆ ಹೋಗುವ ಮೊದಲು ಒಂದು ಮಾತು. ಇಲ್ಲಿನ ಕನ್ನಡದವರ ಊಟದ ಪಂಕ್ತಿಯಲ್ಲಿ ಮನೆಯಲ್ಲಿ ಗನ್ ಇದೆ ಎಂದರೆ ಅರ್ಧ ಜನ ಸುಮ್ಮನಾಗುತ್ತಾರೆ. ಉಳಿದ ಅರ್ಧ ಜನ ಆಮೇಲೆ ಪಾರ್ಕಿಂಗಿಗೆ ಬಂದು ಮೆಲ್ಲಗೆ, 'ಯಾವ ಮಾಡೆಲ್ಲು?' ಅಂತ ಕೇಳುತ್ತಾರೆ. ಗನ್ ಇರಬೇಕೋ ಬೇಡವೋ ಎಂಬ ಜಗಳ ಇಲ್ಲಿ ಬೇಡ. ನನ್ನ ಮನೆಯಲ್ಲಿ ಇದೆ, ಬೀಗದೊಳಗೆ ಇದೆ, ಅಷ್ಟು ಸಾಕು.

ಅದು ಪೊಲೀಸರು ಬಿಟ್ಟುಕೊಟ್ಟ ಗ್ಲಾಕ್ 22. ಅಮೆರಿಕದ ಪೊಲೀಸ್ ಇಲಾಖೆಗಳಿಗೆ ಹಲವು ವರ್ಷ ಪಾಯಿಂಟ್ 40 ಕ್ಯಾಲಿಬರಿನ, ಅಂದರೆ 0.40 ಇಂಚು ದಪ್ಪದ ಗುಂಡಿನ, ಹುಚ್ಚಿತ್ತು. ಎಫ್‌ಬಿಐ ಮತ್ತೆ 9 ಎಂಎಂ ಕಡೆ ತಿರುಗಿದ ಮೇಲೆ ಉಳಿದವರೂ ಸಾಲುಸಾಲಾಗಿ ಹಿಂದೆ ಹೋದರು. ಹಳೆಯವನ್ನು ಅಂಗಡಿಗೆ ಕೊಟ್ಟು ಹೊಸವನ್ನು ತಂದರು. ಹಾಗೆ ಬಂದ ಪಿಸ್ತೂಲುಗಳು ಕಡಿಮೆ ಬೆಲೆಗೆ ಸಿಗುತ್ತವೆ. ಒರೆಯಿಂದ ತೆಗೆದು ಹಾಕಿ ಸ್ಲೈಡಿನ, ಅಂದರೆ ಹಿಂದೆ ಮುಂದೆ ಜಾರುವ ಮೇಲ್ಭಾಗದ, ಅಂಚು ಸವೆದು ಬೆಳ್ಳಗಾಗಿರುತ್ತದೆ, ಆದರೆ ಒಳಗೆ ಹೆಚ್ಚು ಗುಂಡು ಹಾರಿರುವುದಿಲ್ಲ. ಪೊಲೀಸರು ಅದನ್ನು ಸೊಂಟದಲ್ಲಿ ಹೊತ್ತು ತಿರುಗಿದ್ದೇ ಜಾಸ್ತಿ. ನನ್ನದು 2003ರಲ್ಲಿ ತಯಾರಾದದ್ದು. ಇಂಥ ಪಿಸ್ತೂಲು ಕೊಳ್ಳುವವರೆಲ್ಲ ಮೊದಲೇ ಲೆಕ್ಕ ಹಾಕಿರುತ್ತಾರೆ: ಸ್ಪ್ರಿಂಗ್ ಬದಲಾಯಿಸಬೇಕು, ನೈಟ್ ಸೈಟ್ ಸತ್ತಿರುತ್ತದೆ. ಸೈಟ್ ಎಂದರೆ ಗುರಿ ಹಿಡಿಯಲು ಪಿಸ್ತೂಲಿನ ಹಿಂದೆ ಮುಂದೆ ಇರುವ ಗುರುತು, ನೈಟ್ ಸೈಟ್ ಎಂದರೆ ಕತ್ತಲಲ್ಲಿ ಹೊಳೆಯುವ ಚುಕ್ಕಿ ಇರುವಂಥದ್ದು.

ಬೆಳಕು ಎಲ್ಲಿಗೆ ಹೋಯಿತು

ಆ ಚುಕ್ಕಿಗೆ ಬ್ಯಾಟರಿ ಇಲ್ಲ, ಸ್ವಿಚ್ಚಿಲ್ಲ. ಬಿಸಿಲಿಗೆ ಇಟ್ಟು ಚಾರ್ಜ್ ಮಾಡುವಂಥದ್ದೂ ಅಲ್ಲ. ಅಕ್ಕಿಕಾಳಿಗಿಂತ ಸಣ್ಣ ಗಾಜಿನ ಕೊಳವೆ, ಅದರೊಳಗೆ ಟ್ರಿಟಿಯಂ ಅನಿಲ, ಅಂದರೆ ವಿಕಿರಣ ಸೂಸುವ ಒಂದು ಬಗೆಯ ಹೈಡ್ರೋಜನ್. ಗಾಜಿನ ಒಳಮೈಗೆ ಜಿಂಕ್ ಸಲ್ಫೈಡಿನಂಥ ಫಾಸ್ಫರ್, ಅಂದರೆ ಹೊಳೆಯುವ ಬಣ್ಣ, ಬಳಿದಿರುತ್ತಾರೆ. ಟ್ರಿಟಿಯಂ ಪರಮಾಣು ಒಡೆದಾಗ ಹೊರಡುವ ಎಲೆಕ್ಟ್ರಾನ್ ಫಾಸ್ಫರಿಗೆ ಬಡಿದು ಹಸಿರು ಬೆಳಕು ಹುಟ್ಟುತ್ತದೆ. ಆ ಎಲೆಕ್ಟ್ರಾನಿಗೆ ಗಾಜು ದಾಟುವ ಶಕ್ತಿ ಇಲ್ಲ, ಚರ್ಮದ ಸತ್ತ ಪದರವನ್ನೂ ದಾಟಲಾರದು. ಹಸಿರೇ ಯಾಕೆಂದರೆ ಕತ್ತಲಿಗೆ ಒಗ್ಗಿದ ಕಣ್ಣಿಗೆ ಹಸಿರಿನ ಸುತ್ತಮುತ್ತಲ ಬೆಳಕೇ ಚೆನ್ನಾಗಿ ಕಾಣುವುದು.

ಟ್ರಿಟಿಯಂ ಎಂದರೆ ಕನ್ನಡದವರಿಗೆ ಕೈಗಾ ಅಣುಸ್ಥಾವರ ನೆನಪಾಗಬೇಕು. 2009ರ ನವೆಂಬರಿನಲ್ಲಿ ಅಲ್ಲಿನ ನೌಕರರು ಕುಡಿಯುವ ನೀರಿನ ಕೂಲರಿಗೆ ಯಾರೋ ಟ್ರಿಟಿಯಂ ಬೆರೆತ ಭಾರಜಲ ಸುರಿದಿದ್ದು ದೊಡ್ಡ ಸುದ್ದಿಯಾಗಿತ್ತು. ಮೂತ್ರ ಪರೀಕ್ಷೆಯಲ್ಲಿ ಅದು ಗೊತ್ತಾಯಿತು. ಗಾಜಿನೊಳಗೆ ಇದ್ದಾಗ ಸಾಧು, ನೀರಿನ ಜೊತೆ ಹೊಟ್ಟೆಗೆ ಹೋದರೆ ಬೇರೆ ಮಾತು. ಭಾರಜಲ ಬಳಸುವ ರಿಯಾಕ್ಟರುಗಳಲ್ಲಿ ಟ್ರಿಟಿಯಂ ತಾನಾಗಿಯೇ ಹುಟ್ಟುತ್ತದೆ. ಕೈಗಾದ್ದೂ ಅದೇ ಜಾತಿಯದು, ಕೆನಡಾದ ಕ್ಯಾಂಡು ರಿಯಾಕ್ಟರುಗಳ ಒಕ್ಕಲು. ಕೆನಡಾದವರು ಒಂಟಾರಿಯೋದ ಡಾರ್ಲಿಂಗ್ಟನ್‌ನಲ್ಲಿ ಈ ಟ್ರಿಟಿಯಂ ಬೇರ್ಪಡಿಸುವ ಘಟಕವನ್ನೇ ಕಟ್ಟಿದ್ದಾರೆ. ಕತ್ತಲಲ್ಲಿ ಹೊಳೆಯುವ ಎಕ್ಸಿಟ್ ಬೋರ್ಡು, ಕೈಗಡಿಯಾರ, ಗನ್ ಸೈಟು ಎಲ್ಲಕ್ಕೂ ಬೇಕಾದ ಅನಿಲ ಹೆಚ್ಚಾಗಿ ಇಂಥ ಕಡೆಯಿಂದ ಬರುತ್ತದೆ.

ಟ್ರಿಟಿಯಂನ ಅರ್ಧಾಯುಷ್ಯ 12.32 ವರ್ಷ, ಅಂದರೆ ಅಷ್ಟು ಕಾಲದಲ್ಲಿ ಅರ್ಧ ಕರಗಿಹೋಗುತ್ತದೆ. ನೀವು ಪಿಸ್ತೂಲನ್ನು ದಿನಾ ಬಳಸಿ, ಇಲ್ಲವೇ ಎಣ್ಣೆ ಹಚ್ಚಿ ಪೆಟ್ಟಿಗೆಯಲ್ಲಿಡಿ, ಅದಕ್ಕೆ ಎರಡೂ ಒಂದೇ. ನನ್ನ ಸೈಟಿಗೆ ಆ ಹೊತ್ತಿಗೆ 18 ವರ್ಷ. ಲೆಕ್ಕ ಹಾಕಿದರೆ ನೂರರಲ್ಲಿ 36 ಪಾಲು ಟ್ರಿಟಿಯಂ ಉಳಿದಿರಬೇಕು. ಮೂರನೇ ಒಂದು ಪಾಲಿಗಿಂತ ಜಾಸ್ತಿ ಇದ್ದೂ ಯಾಕೆ ಕಾಣಲಿಲ್ಲ? ಒಂದು ಕಾರಣ ಫಾಸ್ಫರು. ವರ್ಷಗಟ್ಟಲೆ ಎಲೆಕ್ಟ್ರಾನ್ ಏಟು ತಿಂದು ಅದೂ ಸವೆಯುತ್ತದೆ. ಹಳೆ ಕಾಲದ ರೇಡಿಯಂ ಗಡಿಯಾರಗಳ ಕಥೆಯೂ ಇದೇ. ರೇಡಿಯಂನ ಅರ್ಧಾಯುಷ್ಯ 1,600 ವರ್ಷ, ಅದು ಇನ್ನೂ ಹಾಗೇ ಇದೆ. ಸತ್ತದ್ದು ಬಣ್ಣ.

ಇನ್ನೊಂದು ಕಾರಣ ನಾನು. ನನಗೆ ಚಾಳೀಸು ಬಂದಿದೆ. ಕೈ ಚಾಚಿ ಹಿಡಿದರೆ ಮುಂದಿನ ಸೈಟಿನ ಅಂಚು ಮಂಜು. ವಯಸ್ಸಾದಂತೆ ಕತ್ತಲಲ್ಲಿ ಪಾಪೆ ಮೊದಲಿನಷ್ಟು ಅರಳುವುದಿಲ್ಲ, ಒಳಗೆ ಹೋಗುವ ಬೆಳಕೇ ಕಮ್ಮಿ. ಚುಕ್ಕಿಯೂ ಕುಂದುತ್ತಿತ್ತು, ಕಣ್ಣೂ ಕುಂದುತ್ತಿತ್ತು. ಎರಡೂ ಎಷ್ಟು ನಿಧಾನವೆಂದರೆ ನಿನ್ನೆಗೂ ಇವತ್ತಿಗೂ ವ್ಯತ್ಯಾಸವೇ ತಿಳಿಯದು. ಕೊಂಡ ದಿನ ಅಂಗಡಿಯಲ್ಲಿ ಎರಡು ಅಂಗೈ ಮರೆಮಾಡಿ ನೋಡಿದಾಗ ಮೂರೂ ಕಂಡಿದ್ದವು. ಆಮೇಲೆ ಗುರಿ ಅಭ್ಯಾಸ ಮಾಡುವ ರೇಂಜಿನ ಟ್ಯೂಬ್‌ಲೈಟ್ ಕೆಳಗೆ ಬಿಟ್ಟರೆ ಬೇರೆಲ್ಲೂ ನಾನು ಅವನ್ನು ನೋಡಿರಲಿಲ್ಲ. ಮನೆಯಲ್ಲಿ ಪೂರ್ತಿ ಕತ್ತಲು ಎಂಬುದೇ ಈಗ ಎಲ್ಲಿದೆ ಹೇಳಿ. ವೈಫೈ ಡಬ್ಬಿಗೆ ನಾಲ್ಕು ದೀಪ, ಹಲ್ಲುಜ್ಜುವ ಬ್ರಷ್ಷಿಗೂ ಒಂದು ದೀಪ.

ದೀಪ ಆರಿಸಿದ ರೇಂಜು

ಕರೆಂಟ್ ಬಂದ ಮೇಲೆ ಕೂಡಲೇ ಹೊಸ ಸೈಟ್ ತರಿಸುವವನಿದ್ದೆ. ಅಷ್ಟರಲ್ಲಿ ಗೆಳೆಯರೊಬ್ಬರು ಕತ್ತಲಲ್ಲಿ ಗುರಿ ಹಿಡಿಯುವ ತರಗತಿಗೆ ಕರೆದರು. ಹಳೆ ಸೈಟಲ್ಲೇ ಹೋದೆ.

ಕಲಿಸಿದವರು ಪೊಲೀಸ್ ಕೆಲಸದಿಂದ ನಿವೃತ್ತರಾದ ಹಿರಿಯರು. ಮಾತು ಕಮ್ಮಿ. ಸಂಜೆ ಪೂರ್ತಿ ಬೆಳಕಲ್ಲೇ ಬಂದೂಕು ಖಾಲಿ ಮಾಡುವುದು, ಟಾರ್ಚ್ ಹಿಡಿಯುವುದು, ಇಷ್ಟನ್ನೇ ಮಾಡಿಸಿದರು. ಗ್ಲಾಕ್ ಬಿಚ್ಚಬೇಕಾದರೆ ಮೊದಲು ಕುದುರೆ (ಟ್ರಿಗರ್) ಎಳೆಯಬೇಕು, ಒಳಗೆ ಗುಂಡು ಉಳಿದಿದ್ದರೆ ಹಾರಿಬಿಡುತ್ತದೆ. ಅದಕ್ಕೇ ಮ್ಯಾಗಜೀನ್ ತೆಗೆ, ಸ್ಲೈಡ್ ಎಳೆ, ಕಣ್ಣಲ್ಲಿ ನೋಡು, ಬೆರಳು ಹಾಕಿ ಮುಟ್ಟಿ ನೋಡು ಅಂತ ಚಿಕ್ಕ ಮಕ್ಕಳಿಗೆ ಹೇಳಿದ ಹಾಗೆ ಹೇಳುತ್ತಿದ್ದರು. ಆಮೇಲೆ ರೇಂಜಿನ ದೀಪಗಳನ್ನು ಒಂದೊಂದಾಗಿ ಆರಿಸಿದರು. ಏಳು ಗಜ ದೂರದಲ್ಲಿ ಮನುಷ್ಯನ ಆಕಾರ ಮಾತ್ರ ಉಳಿಯಿತು. ಕಪ್ಪಿನ ಮೇಲೆ ಕಪ್ಪು. ಬೆಳಕಿದ್ದಾಗ ಅಲ್ಲಿ ತೂಗುಹಾಕಿದ್ದ ಕಾಗದವನ್ನು ಕತ್ತಲಾದ ಮೇಲೆ ಬೇರೆಯದಕ್ಕೆ ಬದಲಿಸಿದ್ದು ನಮಗೆ ಗೊತ್ತಿರಲಿಲ್ಲ.

'ನಿಮಗೆ ಹೊಡೆಯಬೇಕು ಅನ್ನಿಸಿದರೆ ಹೊಡೆಯಿರಿ' ಎಂದರು. ಅಷ್ಟೇ.

ನನ್ನ ಪಕ್ಕದ ಸಾಲಿನಲ್ಲಿದ್ದವನು ಒಳ್ಳೆ ಗುರಿಕಾರ. ಅವನ ಪಿಸ್ತೂಲು ಹೊಸದು, ಸೈಟೂ ಹೊಸದು. ಮೂರು ಚುಕ್ಕಿ ಎಷ್ಟು ಪ್ರಕಾಶವಾಗಿ ಉರಿಯುತ್ತಿದ್ದವೆಂದರೆ ಪಕ್ಕದಲ್ಲಿ ನಿಂತ ನನಗೂ ಆ ಹಸಿರು ಕಾಣುತ್ತಿತ್ತು. ಅವನು ಹೊಡೆದ. ಗುಂಡುಗಳೆಲ್ಲ ಅಂಗೈ ಅಗಲದೊಳಗೆ ಎದೆಗೇ ಬಿದ್ದಿದ್ದವು. ಮೇಷ್ಟರು ಟಾರ್ಚ್ ಬಿಟ್ಟರು. ಕಾಗದದ ಮೇಲಿದ್ದದ್ದು ಒಬ್ಬ ಹೆಂಗಸಿನ ಫೋಟೋ. ಕೈಯಲ್ಲಿ ಮೊಬೈಲ್ ಹಿಡಿದಿದ್ದಳು. ಯಾರೂ ನಗಲಿಲ್ಲ. ಮೇಷ್ಟರು ಏನೂ ಹೇಳದೆ ಟಾರ್ಚನ್ನು ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದರು. ಆ ಹುಡುಗ ಪಿಸ್ತೂಲು ಖಾಲಿ ಮಾಡಿ ಮೇಜಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಬಂದ.

ನಾನು ಹೊಡೆದಿರಲಿಲ್ಲ. ಜಾಣತನದಿಂದಲ್ಲ. ನನ್ನ ಸೈಟೇ ಕಾಣುತ್ತಿರಲಿಲ್ಲವಲ್ಲ, ಬೆರಳು ಕುದುರೆಯ ಹತ್ತಿರವೇ ಹೋಗಲಿಲ್ಲ.

ನೈಟ್ ಸೈಟ್ ಬಗ್ಗೆ ಜಾಹೀರಾತಿನಲ್ಲಿ ಯಾರೂ ಹೇಳದ ಮಾತು ಇದು. ಆ ದೀಪ ತನ್ನನ್ನು ಮಾತ್ರ ತೋರಿಸುತ್ತದೆ. ಪಿಸ್ತೂಲು ಯಾವ ಕಡೆ ತಿರುಗಿದೆ ಎಂದು ಹೇಳುತ್ತದೆ. ಎದುರಿಗೆ ಇರುವುದು ಯಾರು, ಅವರ ಕೈಯಲ್ಲಿ ಏನಿದೆ, ಅವರ ಹಿಂದೆ ಯಾವ ಗೋಡೆ, ಗೋಡೆಯ ಆಚೆ ಯಾರು ಮಲಗಿದ್ದಾರೆ, ಇದೊಂದಕ್ಕೂ ಅದರ ಹತ್ತಿರ ಉತ್ತರ ಇಲ್ಲ. ಅದನ್ನು ತಿಳಿಯಲು ಟಾರ್ಚ್ ಬೇಕು. ಟಾರ್ಚ್ ಹಾಕಿದ ಕೂಡಲೇ ಎದುರಿನ ಬೆಳಕಿಗೆ ಸೈಟ್ ಕಪ್ಪು ಆಕೃತಿಯಾಗಿ ತಾನೇ ಕಾಣುತ್ತದೆ, ಚುಕ್ಕಿ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಅಂದರೆ ನೈಟ್ ಸೈಟ್ ಉಪಯೋಗಕ್ಕೆ ಬರಬೇಕಾದರೆ ಎದುರಿನವರು ಗುರುತು ಸಿಗುವಷ್ಟು ಬೆಳಕಿರಬೇಕು, ಆದರೆ ಕಪ್ಪು ಸೈಟ್ ಕಾಣುವಷ್ಟು ಇರಬಾರದು. ಅಂಥ ಹೊತ್ತು ಇಲ್ಲವೆಂದಲ್ಲ. ಮುಚ್ಚಂಜೆ ಇದೆ, ಬೀದಿದೀಪ ಕಿಟಕಿಯಿಂದ ಬೀಳುವ ಹಜಾರ ಇದೆ. ಆದರೆ ಅದು ಬಹಳ ಸಣ್ಣ ಜಾಗ.

ಬ್ಯಾಟರಿ ಬಿಡುವ ಕೆಲಸ

ಊರಲ್ಲಿ ಅಜ್ಜಯ್ಯನ ಹತ್ತಿರ ಬೆಳೆ ಕಾಯಲು ಲೈಸೆನ್ಸಿನ ಒಂದು ಒಂಟಿನಳಿಗೆ ಕೋವಿ ಇತ್ತು. ಎಲೆಕ್ಷನ್ ಬಂತೆಂದರೆ ಅದನ್ನು ಠಾಣೆಯಲ್ಲಿ ಇಟ್ಟು ರಸೀದಿ ತರಬೇಕು. ಹಂದಿಗಳಿಗೆ ಎಲೆಕ್ಷನ್ ಗೊತ್ತಾಗುತ್ತದೆ ಅಂತ ಅವರು ಬೈದುಕೊಳ್ಳುತ್ತಿದ್ದರು. ಕೋವಿಯ ತುದಿಯಲ್ಲಿ ಒಂದು ಸಣ್ಣ ಹಿತ್ತಾಳೆ ಮಣಿ, ಅದೇ ಸೈಟು. ರಾತ್ರಿ ಗದ್ದೆಗೆ ಹೋಗುವ ಮೊದಲು ಎಲೆಯಡಿಕೆ ಡಬ್ಬಿಯಿಂದ ಬೆರಳ ತುದಿಯಲ್ಲಿ ಸುಣ್ಣ ತೆಗೆದು ಆ ಮಣಿಗೆ ಸವರುತ್ತಿದ್ದರು. ನಾನು 120 ಡಾಲರ್ ಆಸುಪಾಸು ಕೊಟ್ಟು ಮಾಡಿಸಿದ ಕೆಲಸ ಅಷ್ಟಕ್ಕೆ ಮುಗಿಯುತ್ತಿತ್ತು.

ರಜೆಯಲ್ಲಿ ಹೋದಾಗ ಬ್ಯಾಟರಿ ಬಿಡುವ ಕೆಲಸ ನನ್ನದು. ಐದು ಸೆಲ್ಲಿನ ಉದ್ದ ಬ್ಯಾಟರಿ, ಹೆಗಲ ಮೇಲಿಟ್ಟು ಹಿಡಿಯಬೇಕು. ಒಂದು ರಾತ್ರಿ ಗದ್ದೆಯ ಆಚೆ ಅಂಚಿನಲ್ಲಿ ಭತ್ತ ಸರಸರ ಅಂದಿತು. ಬ್ಯಾಟರಿ ಬಿಟ್ಟೆ. ಎರಡು ಕಣ್ಣು ಹಸಿರಾಗಿ ಹೊಳೆದವು. ನನಗಂತೂ ಹಂದಿಯೇ. ಎದೆ ಹೊಡೆದುಕೊಳ್ಳುತ್ತಿತ್ತು, ಕೈ ನಡುಗುತ್ತಿತ್ತು. ಅಜ್ಜಯ್ಯ ಕೋವಿ ಎತ್ತಲೇ ಇಲ್ಲ. 'ಅಲ್ಲಾಡಿಸ್ಬೇಡ ಮಾರಾಯ. ಹಂದಿ ಕಣ್ಣು ಹಿಂಗೆ ಹೊಳಿಯಲ್ಲ. ಮೈ ಕಾಣ್ಲಿ' ಅಂದರು. ಬೆಳಕು ನಿಂತ ಮೇಲೆ ಕೊಂಬು ಕಂಡಿತು, ಆಮೇಲೆ ಕೊರಳ ಹಗ್ಗ. ಕೆಳಮನೆಯವರ ಎಮ್ಮೆ, ಹಗ್ಗ ಕಿತ್ತುಕೊಂಡು ಬಂದಿತ್ತು. ಆ ರಾತ್ರಿ ಕೋವಿಯನ್ನು ಮಾಳದಲ್ಲಿ ನೇತುಹಾಕಿ ಎಮ್ಮೆ ಅಟ್ಟಿದ್ದೇ ಕೆಲಸವಾಯಿತು. ಬೆಳಗ್ಗೆ ಕೆಳಮನೆಯವರ ಜೊತೆ ಭತ್ತದ ಲೆಕ್ಕಕ್ಕೆ ಸಣ್ಣ ಜಗಳವೂ ಆಯಿತು.

ಹಂದಿಯ ಕಣ್ಣ ಹಿಂದೆ ಬೆಳಕನ್ನು ವಾಪಸ್ ಕಳಿಸುವ ಪದರವೇ ಇಲ್ಲ, ದನ ಎಮ್ಮೆ ಜಿಂಕೆಗಳಿಗೆ ಇದೆ ಎಂದು ನಾನು ಓದಿದ್ದು ಎಷ್ಟೋ ಕಾಲದ ಮೇಲೆ. ಅಜ್ಜಯ್ಯನಿಗೆ ಪದರದ ಸುದ್ದಿ ಗೊತ್ತಿರಲಿಲ್ಲ. ಎಮ್ಮೆಯ ಬೆಲೆ ಗೊತ್ತಿತ್ತು.

ಕೊನೆಗೆ ಹಾಕಿಸಿದ್ದು

ಇಷ್ಟೆಲ್ಲ ಆದ ಮೇಲೂ ಸೈಟ್ ಬದಲಾಯಿಸಿದೆ. ಸಣ್ಣ ಜಾಗವಾದರೂ ಅದು ಇದೆಯಲ್ಲ. ಅಲ್ಲದೆ ಹಗಲಲ್ಲೇ ನನಗೆ ಮುಂದಿನ ಸೈಟ್ ಸರಿಯಾಗಿ ಕಾಣುತ್ತಿರಲಿಲ್ಲ, ಅದು ದೊಡ್ಡ ತೊಂದರೆ. ಆದರೆ ಮೊದಲು ಅಂದುಕೊಂಡಿದ್ದ ಮೂರು ಚುಕ್ಕಿಯ ಸೆಟ್ ಬಿಟ್ಟೆ. ಮೂರೂ ಒಂದೇ ಬಣ್ಣ, ಒಂದೇ ಅಳತೆ ಇದ್ದರೆ ಕತ್ತಲಲ್ಲಿ ಒಂದು ಮೋಸ ಇದೆ. ಮುಂದಿನ ಚುಕ್ಕಿ ಮಧ್ಯದಲ್ಲಿ ಇರುವ ಬದಲು ಹೊರಗೆ ಸರಿದಿದ್ದರೂ ಮೂರು ಚುಕ್ಕಿ ಸಾಲಾಗಿ ಕಾಣುತ್ತವೆ. ಅವಸರದಲ್ಲಿ ಯಾವುದು ಮುಂದಿನದು ಎಂದು ತಿಳಿಯುವುದಿಲ್ಲ. ಹಾಗಾಗಿ ಮುಂದೆ ಮಾತ್ರ ಟ್ರಿಟಿಯಂ, ಅದರ ಸುತ್ತ ಅಗಲವಾದ ಕಿತ್ತಳೆ ಬಳೆ. ಹಿಂದಿನದು ಬರೀ ಕಪ್ಪು, ಅಗಲ ಕಚ್ಚಿನದು. ಹಗಲಲ್ಲಿ ಕಿತ್ತಳೆ ಕಣ್ಣಿಗೆ ಹೊಡೆಯುತ್ತದೆ, ಕತ್ತಲಲ್ಲಿ ಒಂದೇ ಹಸಿರು ಚುಕ್ಕಿ. ಹಳೆ ಸೈಟಿನಲ್ಲೇ ಹೊಸ ಕೊಳವೆ ಕೂರಿಸಿಕೊಡುವವರೂ ಇದ್ದಾರೆ. ಅಪರೂಪದ ಪಿಸ್ತೂಲಿಗೆ ಅದು ಸರಿ. ಗ್ಲಾಕಿಗೆ ಹೊಸದೇ ಸುಲಭವಾಗಿ ಸಿಗುವಾಗ ಬೇಕಾಗಿಲ್ಲ. ರೆಡ್ ಡಾಟ್, ಅಂದರೆ ಗಾಜಿನಲ್ಲಿ ಕೆಂಪು ಚುಕ್ಕಿ ತೋರಿಸುವ ಸೈಟ್, ಹಾಕಿಸಿ ಅಂದವರೂ ಇದ್ದರು. ಈ ಸ್ಲೈಡನ್ನು ಕೊರೆಸಬೇಕಾಗುತ್ತದೆ, ಮತ್ತೆ ಅದಕ್ಕೆ ಬ್ಯಾಟರಿ. ಮನೆಯಲ್ಲಿ ಸ್ಮೋಕ್ ಅಲಾರಂ ಬ್ಯಾಟರಿ ಹಾಕುವುದೇ ಸಾಕಾಗಿದೆ.

ಹೊಸ ಸೈಟ್ ಹಾಕಿದ್ದು ಇಲ್ಲಿನ ಗನ್ ರಿಪೇರಿ ಅಂಗಡಿಯವರು. ಗ್ಲಾಕಿನ ಮುಂದಿನ ಸೈಟನ್ನು ಸ್ಲೈಡಿನ ಒಳಗಿಂದ ಒಂದು ಪುಟ್ಟ ಆರುಮೂಲೆ ಸ್ಕ್ರೂ ಹಿಡಿದಿರುತ್ತದೆ. ಅದಕ್ಕೆ ತೆಳು ಬಾಯಿಯ ಪಾನವೇ (ಸ್ಪ್ಯಾನರ್) ಬೇಕು, ಸಾಮಾನ್ಯ ಪಾನ ಒಳಗೆ ಹೋಗುವುದಿಲ್ಲ. ಕೂರಿಸುವಾಗ ಸ್ಕ್ರೂ ಸಡಿಲವಾಗದಂತೆ ನೀಲಿ ಅಂಟು ಒಂದು ಹನಿ. ಜಾಸ್ತಿ ಬಿಗಿದರೆ ಕತ್ತೇ ತುಂಡಾಗುತ್ತದೆ. ಹಿಂದಿನದು ಸ್ಲೈಡಿನಲ್ಲಿ ಕೊರೆದ ತೋಡಿನೊಳಗೆ ಬಿಗಿಯಾಗಿ ಕೂತಿರುತ್ತದೆ, ಪಕ್ಕಕ್ಕೆ ತಳ್ಳಿ ತೆಗೆಯಬೇಕು. ನನ್ನದರ ಮೇಲೆ ಹಿಂದೆ ಯಾರೋ ಸುತ್ತಿಗೆಯಲ್ಲಿ ಬಡಿದ ಗುರುತಿತ್ತು. ರಿಪೇರಿಯವರು ಅದನ್ನು ನೋಡಿ ತಲೆಯಾಡಿಸಿದರು. ಒಳಗಿರುವುದು ಗಾಜು, ಬಡಿದರೆ ಒಡೆಯುತ್ತದೆ. ಒಡೆದರೆ ಅನಿಲ ಗಾಳಿಗೆ ಹೋಗುತ್ತದೆ, ಕಿಟಕಿ ತೆಗೆದು ಹೊರಗೆ ನಡೆದು ಕೈ ತೊಳೆದುಕೊಳ್ಳಬೇಕು, ಗಾಬರಿ ಬೇಡ. ಆದರೆ ದುಡ್ಡು ಕೊಟ್ಟ ಬೆಳಕು ಹೋಯಿತಲ್ಲ. ಅವರು ಪಿಸ್ತೂಲನ್ನು ಕ್ಲ್ಯಾಂಪಿನಲ್ಲಿ ಹಿಡಿದು ಸ್ಕ್ರೂ ತಿರುಗಿಸಿ ನೂಕುವ ಸಲಕರಣೆಯಲ್ಲಿ ನಿಧಾನವಾಗಿ ತಳ್ಳಿದರು. ಹಳೆಯದು ಕಿರ್ ಅಂತ ಹೊರಬಂತು.

ಎತ್ತರದ ಬಗ್ಗೆ ಅವರು ಎರಡೆರಡು ಸಲ ಕೇಳಿದರು. ಈ ಪಿಸ್ತೂಲಿನಲ್ಲಿ ಎರಡು ಸೈಟುಗಳ ನಡುವಿನ ದೂರ ಸುಮಾರು 165 ಮಿಲಿಮೀಟರ್. ಮುಂದಿನದು 0.4 ಮಿಲಿಮೀಟರ್ ಎತ್ತರವಾದರೆ 25 ಮೀಟರಿನಲ್ಲಿ ಗುಂಡು 6 ಸೆಂಟಿಮೀಟರ್ ಕೆಳಗೆ ಬೀಳುತ್ತದೆ. ಅದಕ್ಕೇ ಒಂದು ಕಂಪನಿಯ ಮುಂದಿನದಕ್ಕೆ ಇನ್ನೊಂದರ ಹಿಂದಿನದು ಕೂಡಿಸಬಾರದು. ರೇಂಜಿಗೆ ಹೋಗಿ ಚೀಲದ ಮೇಲೆ ಕೈಯಿಟ್ಟು ಹೊಡೆದಾಗ ಎತ್ತರ ಸರಿಯಿತ್ತು, ಗುಂಪು ಸ್ವಲ್ಪ ಎಡಕ್ಕಿತ್ತು. ಹಿಂದಿನ ಸೈಟನ್ನು ಕೂದಲೆಳೆಯಷ್ಟು ಬಲಕ್ಕೆ ತಳ್ಳಿಸಿದೆ. ಕೈ ಚಾಚಿದ ದೂರಕ್ಕೆ ಹೊಂದುವ ಹಾಗೆ ಒಂದು ಕನ್ನಡಕವನ್ನೂ ಮಾಡಿಸಿಕೊಂಡೆ. ನಿಜ ಹೇಳಬೇಕೆಂದರೆ ಸೈಟಿಗಿಂತ ಜಾಸ್ತಿ ಗುಣ ಕಂಡದ್ದು ಅದರಲ್ಲಿ.

ಹಳೆ ಸೈಟುಗಳನ್ನು ಕಸಕ್ಕೆ ಹಾಕುವುದು ಸರಿಯಲ್ಲ. ಕಣ್ಣಿಗೆ ಸತ್ತಿದ್ದರೂ ಒಳಗೆ ಟ್ರಿಟಿಯಂ ಇದೆ. ಇಟ್ಟುಕೊಳ್ಳಲು ನಮಗೆ ಲೈಸೆನ್ಸ್ ಬೇಡ, ತಯಾರಿಸುವವರಿಗೆ ಬೇಕು. ಮುಗಿದ ಮೇಲೆ ಅವರಿಗೇ ವಾಪಸ್ ಕಳಿಸುವುದು ಕ್ರಮ. ಒಂದು ಸಣ್ಣ ಡಬ್ಬಿಯಲ್ಲಿ ಹಾಕಿ ಕಳಿಸಿದೆ.

ಲಾಕರಿನಲ್ಲಿ ಈಗ ಪಿಸ್ತೂಲಿನ ಪಕ್ಕ ಒಂದು ಟಾರ್ಚ್ ಇದೆ. ಸದ್ದಾದರೆ ಮೊದಲು ಕೈಗೆ ಬರುವುದು ಅದು. ಇದೆಲ್ಲದರ ಖರ್ಚು ಕೇಳಿದ ನನ್ನ ಹೆಂಡತಿ, 'ಅದರ ಬದಲು ಹಿತ್ತಲಿಗೆ ಒಂದು ದೀಪ ಹಾಕಿಸಬಹುದಿತ್ತಲ್ವೇನ್ರೀ?' ಅಂದಳು. ಅದನ್ನೂ ಹಾಕಿಸಿದೆ, ಯಾರಾದರೂ ಓಡಾಡಿದರೆ ತಾನೇ ಹತ್ತಿಕೊಳ್ಳುವಂಥದ್ದು. ದಿನಾ ರಾತ್ರಿ ರಕೂನುಗಳಿಗೆ ಹತ್ತಿಕೊಳ್ಳುತ್ತದೆ. ಪಕ್ಕದ ಮನೆಯವರು ಮಲಗುವ ಕೋಣೆಗೆ ಬೆಳಕು ಹೊಡೆಯುತ್ತೆ ಎಂದು ಹೇಳಿಕಳಿಸಿದ ಮೇಲೆ ಏಣಿ ಹತ್ತಿ ಅದನ್ನು ಸ್ವಲ್ಪ ಕೆಳಗೆ ತಿರುಗಿಸಿದ್ದೇನೆ.